ಉಳುವವನೇ ಹೊಲದೊಡೆಯ: 1961ರಲ್ಲಿ ಆಗದ್ದು 1974ರಲ್ಲಿ ಹೇಗಾಯಿತು?

ಹಳೇಪಹಣಿ ಕೇಳಿದ್ದು:

ಬೇರೆ ದೇಶಗಳ ಭೂ ಸುಧಾರಣೆಯ ಬಗ್ಗೆ ಓದಿದರೆ ಯಾರೋ ಒಬ್ಬ ಕೃಷಿ ಮಂತ್ರಿಯ ಹೆಸರು ಮೊದಲು ಬರುತ್ತದೆ. ಕರ್ನಾಟಕದಲ್ಲಿ ಮಾತ್ರ ಎಲ್ಲರೂ ಹೇಳುವುದು ದೇವರಾಜ ಅರಸು ಹೆಸರು. ಆಗ ಆ ಖಾತೆ ನೋಡುತ್ತಿದ್ದ ಮಂತ್ರಿ ಯಾರು? ಅದಕ್ಕಿಂತ ಮುಖ್ಯವಾಗಿ, 1961ರಲ್ಲೇ ಒಂದು ಭೂ ಸುಧಾರಣಾ ಕಾಯ್ದೆ ಇತ್ತಲ್ಲ, ಘೋಷಣೆಯೂ ಹೆಚ್ಚುಕಡಿಮೆ ಅದೇ. ಅದರಿಂದ ಗೇಣಿದಾರರ ಕೈಗೆ ಏಕೆ ಏನೂ ಬರಲಿಲ್ಲ, 1974ರ ತಿದ್ದುಪಡಿ ಏಕೆ ನಡೆಯಿತು? ಫಾರಂ 7 (ಗೇಣಿದಾರ ಹಕ್ಕು ಕೇಳುವ ಅರ್ಜಿ) ಕೊಟ್ಟ ದಿನದಿಂದ ಫಾರಂ 10 (ಹಕ್ಕುಪತ್ರ) ಕೈಸೇರುವ ತನಕ ಏನೇನು ನಡೆಯುತ್ತಿತ್ತು, ಎಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂದು ಗೊತ್ತಿರುವವರು ಬಿಡಿಸಿ ಹೇಳಿ. "ಅರಸು ಬಡವರ ಬಂಧು" ಎಂಬ ಸಾಲು ಬೇಡ, ಅದು ಬೇಕಾದಷ್ಟು ಸಿಕ್ಕಿದೆ.

---

ಕಂದಾಯಕಡತ:

ಮೊದಲು ಖಾತೆಯ ವಿಷಯ. ನಮ್ಮಲ್ಲಿ ಭೂ ಸುಧಾರಣೆ ಕೃಷಿ ಇಲಾಖೆಯ ಕೆಲಸವೇ ಅಲ್ಲ, ಕಂದಾಯ ಇಲಾಖೆಯದು. ಬೀಜ, ಗೊಬ್ಬರ ಕೃಷಿ ಮಂತ್ರಿಗೆ. ಪಹಣಿ, ಸರ್ವೆ, ತಹಶೀಲ್ದಾರ ಕಂದಾಯ ಮಂತ್ರಿಗೆ. ಕೇರಳದಲ್ಲೂ 1957ರ ಸರ್ಕಾರದಲ್ಲಿ ಈ ಕೆಲಸಕ್ಕೆ ಕೈಹಾಕಿದ ಕೆ.ಆರ್. ಗೌರಿ ಕಂದಾಯ ಮಂತ್ರಿಯೇ. ಇಲ್ಲಿ 1961ರ ಕಾಯ್ದೆಯನ್ನು ಸದನದಲ್ಲಿ ದಾಟಿಸಿದವರು ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪ. 1974ರ ಹೊತ್ತಿಗೆ ಅರಸು ಸಂಪುಟದ ಕಂದಾಯ ಮಂತ್ರಿ ಎನ್. ಹುಚ್ಚಮಾಸ್ತಿ ಗೌಡರು. ಜಾರಿಯ ದಿನಗಳಲ್ಲಿ ಭೂ ಸುಧಾರಣೆಯ ಹೊಣೆ ಹೊತ್ತ ಸಚಿವರು ದಕ್ಷಿಣ ಕನ್ನಡದ ಬಿ. ಸುಬ್ಬಯ್ಯ ಶೆಟ್ಟಿ.

ಮಂಜಪ್ಪನವರು ಪ್ರಾಮಾಣಿಕರಲ್ಲ ಎಂದು ಯಾರೂ ಹೇಳುವುದಿಲ್ಲ. ಕಾಯ್ದೆಯ ಒಳಗೇ ತೂತುಗಳಿದ್ದವು.

ಒಂದು, ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಗೇಣಿಗೆ ಕೊಟ್ಟ ಜಮೀನಿನ ಅರ್ಧದವರೆಗೆ ಒಡೆಯ ವಾಪಸು ಕೇಳಬಹುದಿತ್ತು. ಇಂಥ ಬಾಗಿಲು ಇರುವ ತನಕ ಗೇಣಿದಾರ ಅರ್ಜಿ ಹಾಕುವುದಿಲ್ಲ. ಹಾಕಿದರೆ ಉಳಿದ ಅರ್ಧಕ್ಕೂ ಸಂಚಕಾರ. ಎರಡು, ವಿಧವೆಯರು, ಅಪ್ರಾಪ್ತರು ಮುಂತಾದವರ ಹೆಸರಿನ ಜಮೀನಿಗೆ ವಿನಾಯಿತಿ. ಊರೂರಲ್ಲಿ ಜಮೀನು ಒಮ್ಮೆಗೇ ಅಜ್ಜಿಯ ಹೆಸರಿಗೂ ತೊಟ್ಟಿಲ ಮಗುವಿನ ಹೆಸರಿಗೂ ಹೋಯಿತು. ಮೂರು, ತಕರಾರು ಬಂದರೆ ಮುನ್ಸಿಫ್ ನ್ಯಾಯಾಲಯ. ಅಂದರೆ ವಕೀಲರು, ವಾಯಿದೆ, ಲಿಖಿತ ಸಾಕ್ಷ್ಯ. ಬಾಯಿಮಾತಿನ ಗೇಣಿಯವನು ಅಲ್ಲಿ ಗೆಲ್ಲುವುದು ದೂರದ ಮಾತು. ನಾಲ್ಕು, ಕಾಯ್ದೆ 1961ರದು, ಜಾರಿಗೆ ಬಂದದ್ದು 2 ಅಕ್ಟೋಬರ್ 1965ರಂದು. ನಡುವಿನ ಆ ವರ್ಷಗಳಲ್ಲಿ ಆಗಬೇಕಾದ ಪಾಲುಪಟ್ಟಿಗಳೆಲ್ಲ ಆಗಿದ್ದವು, "ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ" ಎಂಬ ಹೆಬ್ಬೆಟ್ಟಿನ ಕಾಗದಗಳೂ.

ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿಯನ್ನೂ ನೋಡಿ. ಆಗ 27 ಸ್ಟ್ಯಾಂಡರ್ಡ್ ಎಕರೆ (ಜಮೀನಿನ ದರ್ಜೆಗೆ ತಕ್ಕಂತೆ ಲೆಕ್ಕ ಹಾಕುವ ಎಕರೆ), ಕೊನೆಯ ದರ್ಜೆಯ ಖುಷ್ಕಿಯಲ್ಲಿ, ಅಂದರೆ ಮಳೆಯಾಶ್ರಿತ ಜಮೀನಿನಲ್ಲಿ, ಲೆಕ್ಕ ಹಾಕಿದರೆ 216 ಎಕರೆ. 1974ರಲ್ಲಿ ಅದು 5 ಜನರ ಕುಟುಂಬಕ್ಕೆ 10 ಯೂನಿಟ್ ಆಯಿತು. ಎ ದರ್ಜೆ ನೀರಾವರಿಯಾದರೆ 10 ಎಕರೆ, ಡಿ ದರ್ಜೆಯ ಖುಷ್ಕಿಯಾದರೆ 54. ಐದರ ಮೇಲೆ ತಲೆಗೆ 2 ಯೂನಿಟ್, ಒಟ್ಟು 20 ದಾಟುವಂತಿಲ್ಲ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ತೋಟಗಳು ಮಿತಿಯ ಹೊರಗೆ. ಅಡಿಕೆ ಆ ಪಟ್ಟಿಯಲ್ಲಿ ಇರಲಿಲ್ಲ, ಇದನ್ನು ಬಹಳ ಜನ ತಪ್ಪು ಹೇಳುತ್ತಾರೆ.

1974ರ ತಿದ್ದುಪಡಿಯ ಬುದ್ಧಿವಂತಿಕೆ ಇರುವುದು 44ನೇ ಕಲಮಿನಲ್ಲಿ. 1 ಮಾರ್ಚ್ 1974ಕ್ಕೆ ಮುಂಚಿನ ಕ್ಷಣದಲ್ಲಿ ಗೇಣಿದಾರನ ಸ್ವಾಧೀನದಲ್ಲಿದ್ದ ಜಮೀನೆಲ್ಲ ನೇರ ಸರ್ಕಾರಕ್ಕೆ ಸೇರಿತು. ಒಡೆಯನ ಮೇಲೆ ದಾವೆ ಹೂಡಿ ಕಿತ್ತುಕೊಳ್ಳುವ ಕೆಲಸ ಗೇಣಿದಾರನಿಗೆ ಉಳಿಯಲೇ ಇಲ್ಲ. ಜಮೀನು ಆಗಲೇ ಸರ್ಕಾರದ್ದು, ಅದರ ಅಧಿಭೋಗದಾರನಾಗಿ, ಅಂದರೆ ಹಕ್ಕಿನಿಂದ ಅನುಭವಿಸುವವನಾಗಿ, ತನ್ನ ಹೆಸರು ಬರೆಸಿಕೊಂಡರೆ ಸಾಕು. ವಾಪಸು ಕೇಳುವ ಹಕ್ಕು ಉಳಿದದ್ದು ಸೈನಿಕರಿಗೆ ಮತ್ತು ಹಡಗಿನ ನೌಕರರಿಗೆ ಮಾತ್ರ. ಮುಂದಕ್ಕೆ ಹೊಸ ಗೇಣಿಯನ್ನೇ 5ನೇ ಕಲಂ ನಿಷೇಧಿಸಿತು.

---

ಕರಾವಳಿಗೇಣಿಚೀಟಿ:

ಮೇಲಿನವರು ಕಾನೂನು ಹೇಳಿದರು, ನಾನು ಕಾಗದದ ದಾರಿ ಹೇಳುತ್ತೇನೆ. ನಮ್ಮ ಕಡೆ ಫಾರಂ 7 ಎಂದರೆ ಯಾರಿಗೂ ತಿಳಿಯುವುದಿಲ್ಲ ಮಾರಾಯ್ರೆ, "ಡಿಕ್ಲರೇಷನ್" ಎನ್ನಬೇಕು. "ಆ ಗದ್ದೆ ಡಿಕ್ಲರೇಷನ್ ಆದದ್ದು" ಎಂದರೆ ಎಲ್ಲ ಅರ್ಥವಾಯಿತು.

48ಎ ಕಲಮಿನ ಕೆಳಗೆ ಆ ಅರ್ಜಿ. ಗಡುವನ್ನು ಮುಂದೂಡುತ್ತ ಹೋಗಿ ಕಡೆಗೆ 30 ಜೂನ್ 1979ಕ್ಕೆ ನಿಲ್ಲಿಸಿದರು. ಅರ್ಜಿಯಲ್ಲಿ ಸರ್ವೆ ನಂಬರು, ಹಿಸ್ಸೆ (ಆ ನಂಬರಿನೊಳಗಿನ ತುಂಡು), ವಿಸ್ತೀರ್ಣ, ಒಡೆಯನ ಹೆಸರು, ಎಂದಿನಿಂದ ಗೇಣಿ, ಎಷ್ಟು ಗೇಣಿ. ತಾಲ್ಲೂಕಿನ ಭೂ ನ್ಯಾಯಮಂಡಳಿ ಚಾವಡಿಯಲ್ಲಿ ಪ್ರಕಟಣೆ ಅಂಟಿಸಿ, ಒಡೆಯನಿಗೆ ಬೇರೆ ನೋಟಿಸು ಕಳಿಸಬೇಕು. ಆಕ್ಷೇಪಣೆ ಬರದಿದ್ದರೆ ದಾಖಲೆ ತಾಳೆ ನೋಡಿ ಮಂಜೂರು. ಬಂದರೆ ವಿಚಾರಣೆ: ಇಬ್ಬರ ಹೇಳಿಕೆ, ಅಕ್ಕಪಕ್ಕದ ಗದ್ದೆಯವರ ಸಾಕ್ಷ್ಯ, ಬೇಕಾದರೆ ಸ್ಥಳ ತನಿಖೆ. ಆದೇಶವಾದ ಮೇಲೆ ಪ್ರೀಮಿಯಂ, ಅಂದರೆ ಜಮೀನಿಗೆ ಸರ್ಕಾರ ಗೊತ್ತುಮಾಡಿದ ಹಣ, ಕಟ್ಟಬೇಕು, ಆಮೇಲೆ ತಹಶೀಲ್ದಾರರಿಂದ ಫಾರಂ 10.

ಮಂಡಳಿಯಲ್ಲಿ ಅಧ್ಯಕ್ಷ ಅಸಿಸ್ಟೆಂಟ್ ಕಮಿಷನರ್, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾರ್ಯದರ್ಶಿ ತಹಶೀಲ್ದಾರ್. ವಕೀಲರಿಗೆ ಪ್ರವೇಶವಿಲ್ಲ. (ಈ ನಿಷೇಧ ನಿಲ್ಲುವುದಿಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ ಹೆಚ್ಚಿನ ಕೆಲಸ ಮುಗಿದಿತ್ತು.) ರಾಜಕೀಯ ಇದ್ದದ್ದು ಆ ನಾಲ್ಕು ಕುರ್ಚಿಗಳಲ್ಲಿ. ಸ್ಥಳೀಯ ಶಾಸಕ ಯಾರ ಹೆಸರು ಕೊಡುತ್ತಾನೋ ಅವರು ಸದಸ್ಯರು. ಗೇಣಿದಾರರ ಸಂಘ ಗಟ್ಟಿ ಇದ್ದ ಕಡೆ ಸದಸ್ಯರಿಗೆ ಬಿಗಿ ಇತ್ತು. ಸಂಘವೇ ಇಲ್ಲದ ತಾಲ್ಲೂಕಿನಲ್ಲಿ ಜಮೀನ್ದಾರನ ಬೀಗರೇ ಕೂತು ತೀರ್ಮಾನ ಮಾಡಿದ್ದುಂಟು. ವಿಧಾನಸಭೆಯಲ್ಲಿ ಆಗ ವಿಟ್ಲದ ಶಾಸಕ ಕಮ್ಯುನಿಸ್ಟ್ ಬಿ.ವಿ. ಕಕ್ಕಿಲ್ಲಾಯರಂಥವರು ಇದ್ದರು, ಹೊರಗೆ ಊರೂರಲ್ಲಿ ಅರ್ಜಿ ತುಂಬಿಸಿಕೊಡುವ ಕಾರ್ಯಕರ್ತರಿದ್ದರು. ಅರ್ಧ ಗೆಲುವು ಆ ಅರ್ಜಿ ತುಂಬಿದ ಕೈಗಳದು.

ಕರಾವಳಿಯಲ್ಲಿ ಚೆನ್ನಾಗಿ ನಡೆಯಲು ಇನ್ನೊಂದು ಕಾರಣ ಕಾಗದ. ಇಲ್ಲಿ ಚಾಲಗೇಣಿಗೂ (ಕಾಯಂ ಅಲ್ಲದ ಗೇಣಿ) ಚೀಟಿ ಇರುತ್ತಿತ್ತು, ಇಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ, ಒಂದು ಅಳತೆ) ಅಕ್ಕಿ, ಇಂಥ ಕಂತು ಎಂದು ಬರೆದಿರುತ್ತಿತ್ತು. ಮಠ, ದೇವಸ್ಥಾನಗಳ ಲೆಕ್ಕಪುಸ್ತಕದಲ್ಲೂ ಒಕ್ಕಲಿನ ಹೆಸರು ಇರುತ್ತಿತ್ತು. ಅವಕ್ಕೂ ವಿನಾಯಿತಿ ಇರಲಿಲ್ಲ, ಜಮೀನಿಗೆ ಬದಲು ವರ್ಷಾಶನ, ಅಂದರೆ ವರ್ಷ ವರ್ಷ ಕೊಡುವ ಹಣ, ನಿಗದಿಯಾಯಿತು.

ಕೆಟ್ಟದ್ದು ಎಲ್ಲೆಲ್ಲಿ ಎಂದರೆ:

ಸರ್ವೆ ನಂಬರು ತಪ್ಪು. ಗೇಣಿದಾರನಿಗೆ ಗೊತ್ತಿರುವುದು ಗದ್ದೆಯ ಹೆಸರು, ಅದು ಬೈಲೋ (ತಗ್ಗಿನ ಗದ್ದೆ) ಮಜಲೋ (ಮೇಲಿನ ಗದ್ದೆ) ಎಂಬುದು. ನಂಬರು ಬರೆದುಕೊಟ್ಟವನು ಬೇರೆ. ಒಂದು ಹಿಸ್ಸೆ ಬಿಟ್ಟುಹೋದರೆ ಆ ತುಂಡು ಹೋದಂತೆಯೇ.

ನೋಟಿಸು ಎಲ್ಲ ಒಡೆಯರಿಗೂ ಹೋಗದಿರುವುದು. ಪಹಣಿಯಲ್ಲಿ ಸತ್ತವರ ಹೆಸರು, ವಾರಸುದಾರರು ಮುಂಬೈಯಲ್ಲಿ. ಏಕಪಕ್ಷೀಯ ಆದೇಶ, ವರ್ಷಗಳ ಮೇಲೆ ಹೈಕೋರ್ಟಿನಲ್ಲಿ ರಿಟ್, ಮರುವಿಚಾರಣೆಗೆ ವಾಪಸು. ಮೊದಲಿಗೆ ಮೇಲ್ಮನವಿಯ ಅವಕಾಶವೇ ಇರಲಿಲ್ಲ, ಹಾಗಾಗಿ ಎಲ್ಲವೂ ರಿಟ್. 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಮಾಡಿದರು, 1990ರಲ್ಲಿ ಅದನ್ನೂ ತೆಗೆದರು. ಒಂದೇ ಕಡತ ಮೂರು ಸಲ ಮೇಲೆ ಹೋಗಿ ಕೆಳಗೆ ಬಂದದ್ದಿದೆ.

ಮತ್ತೆ "ಗೇಣಿ ಅಲ್ಲ, ಕೂಲಿ" ಎಂಬ ವಾದ. 4ನೇ ಕಲಮಿನ ಪ್ರಕಾರ ಒಡೆಯನ ಕುಟುಂಬದವನು, ಸಂಬಳದ ಆಳು, ಕೂಲಿಯವನು ಗೇಣಿದಾರನಲ್ಲ. ಅಡವು ಹಿಡಿದು ಸ್ವಾಧೀನದಲ್ಲಿ ಇರುವವನೂ ಸಾಮಾನ್ಯವಾಗಿ ಅಲ್ಲ. ಚೀಟಿ ಇಲ್ಲದವನನ್ನು ಹೊರಗೆ ಹಾಕಿದ್ದು ಹೆಚ್ಚಾಗಿ ಈ ಮಾತಿನಿಂದಲೇ.

---

ಸಾಗರಸೀಮೆ:

ಎರಡು ಸೇರ್ಪಡೆ, ಒಂದು ತಕರಾರು.

ಈ ಕಾಯ್ದೆ ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಮೊದಲಿಗೆ ಒಡೆತನ ಕೇಳಿ ಅಲ್ಲ, ಧಾನ್ಯ ಅಳೆಯುವ ಕೊಳಗದ ಅಳತೆಗಾಗಿ. ಗೇಣಿ ಅಳೆದುಕೊಳ್ಳುವ ಕೊಳಗ ಪೇಟೆಯ ಕೊಳಗಕ್ಕಿಂತ ದೊಡ್ಡದು. ಕಾಗದದಲ್ಲಿ ಗೇಣಿ ಏರಿಸದೆ ಅಳತೆಯಲ್ಲಿ ಏರಿಸುವ ಉಪಾಯ ಅದು. ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿಗಳು ಕೈಜೋಡಿಸಿದರು, ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಇದೇ ಸೀಮೆಯಿಂದ ಗೆದ್ದು ಸದನದೊಳಗೆ ಹೋದರು.

ಇನ್ನೊಂದು, ಉತ್ತರ ಕರ್ನಾಟಕ ಏಕೆ ಹಿಂದೆ ಬಿತ್ತು ಎನ್ನುವುದು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಡೆ 1948ರ ಮುಂಬೈ ಗೇಣಿ ಕಾಯ್ದೆ ಇತ್ತು. ಮುಂಬೈ ರಾಜ್ಯದಲ್ಲಿ ಗೇಣಿದಾರನೇ ಮಾಲೀಕನೆಂದು ಗೊತ್ತುಮಾಡಿದ ದಿನ 1 ಏಪ್ರಿಲ್ 1957. ಈ ಜಿಲ್ಲೆಗಳು ಅದಕ್ಕೆ 5 ತಿಂಗಳು ಮೊದಲೇ, 1 ನವೆಂಬರ್ 1956ಕ್ಕೆ ಮೈಸೂರಿಗೆ ಸೇರಿಬಿಟ್ಟವು. ಆಮೇಲೆ 1974ರ ತನಕ 17 ವರ್ಷ. ಅಷ್ಟರಲ್ಲಿ ಬಾಯಿಮಾತಿನ ಗೇಣಿದಾರರ ಹೆಸರು ಪಹಣಿಯಿಂದ ಮಾಯವಾಗಲು ಬೇಕಾದಷ್ಟು ಸಮಯ ಸಿಕ್ಕಿತು. ಹಳೆ ಮೈಸೂರಿನ ಬಯಲಿನಲ್ಲಿ ಗೇಣಿಯೇ ಕಡಿಮೆ, ಹೆಚ್ಚಿನವರು ಸ್ವಂತ ಹೊಲದವರು. ರಾಜ್ಯದಲ್ಲಿ ಒಟ್ಟು 8 ಲಕ್ಷಕ್ಕೂ ಮೀರಿ ಅರ್ಜಿ ಬಂದವು, ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ಆದವು ಎನ್ನುವ ಲೆಕ್ಕವನ್ನು ಜಿಲ್ಲೆ ಬಿಡಿಸಿ ಓದಬೇಕು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ತೆಗೆದರೆ ಚಿತ್ರವೇ ಬದಲಾಗುತ್ತದೆ.

ತಕರಾರು ಇದು. ವಾಪಸು ಕೇಳುವ ಹಕ್ಕನ್ನು ಪೂರ್ತಿ ತೆಗೆದದ್ದನ್ನು ಬುದ್ಧಿವಂತಿಕೆ ಎಂದಿರಿ. ಗೇಣಿದಾರನಿಗೆ ಸರಿ. ಆದರೆ 200 ಎಕರೆಯ ಧಣಿಯನ್ನೂ 2 ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಬದುಕುತ್ತಿದ್ದ ವಿಧವೆಯನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗಿತು. ದೊಡ್ಡವರಿಗೆ ಬೇರೆ ದಾರಿಗಳಿದ್ದವು, ಪೇಟೆಯಲ್ಲಿ ಹೋಟೆಲು, ಮಕ್ಕಳಿಗೆ ಬ್ಯಾಂಕ್ ಕೆಲಸ. ಆ ವಿಧವೆಗೆ ಸಿಕ್ಕದ್ದು ಪೇಟೆ ಬೆಲೆಗೆ ಹತ್ತಿರವೂ ಬಾರದ ಪರಿಹಾರ. ಕೆಳಗಿನ ತುದಿಯಲ್ಲೂ ಹಾಗೆಯೇ. ಗೇಣಿದಾರನ ಗದ್ದೆಯಲ್ಲಿ ನಿಜವಾಗಿ ಉತ್ತವನು ಕೂಲಿಯಾಳು, ಅವನಿಗೆ 38ನೇ ಕಲಮಿನಲ್ಲಿ ಸಿಕ್ಕದ್ದು ವಾಸದ ಮನೆ ಮತ್ತು ಅದರ ಅಂಗಳ. ಮಿತಿ ಮೀರಿದ ಜಮೀನು ಹಂಚಿದ್ದರೆ ಅವನಿಗೂ ಬರುತ್ತಿತ್ತು, ಆ ಭಾಗ ನಡೆಯಲೇ ಇಲ್ಲ. ಉಳುವವನು ಯಾರು ಎಂದು ಗೆರೆ ಎಳೆದ ಜಾಗವೇ ಈ ಕಾಯ್ದೆಯ ರಾಜಕೀಯ.

---

ಕಂದಾಯಕಡತ:

ವಿಧವೆಯ ಮಾತು ಒಪ್ಪುತ್ತೇನೆ. ಆದರೆ 1961ರಲ್ಲಿ ಅದೇ ಕನಿಕರದ ಕಲಮನ್ನು ಹಿಡಿದೇ ಧಣಿಗಳು ಪಾರಾದದ್ದು. ಇಷ್ಟು ಎಕರೆಯೊಳಗಿನ ಒಡೆಯರಿಗೆ ಪೇಟೆ ಬೆಲೆ ಎಂದು ಬೇರೆ ದರ ಇಡಬಹುದಿತ್ತು, ಜಮೀನು ಬಿಡದೆ ಹಣ ಹೆಚ್ಚು ಕೊಡುವ ದಾರಿ ಅದು. ಆ ಗೋಜಿಗೆ ಸರ್ಕಾರ ಹೋಗಲಿಲ್ಲ.

---

ಹಳೇಪಹಣಿ:

ಎಲ್ಲರಿಗೂ ವಂದನೆ. ಕಡೆಯ ಪ್ರಶ್ನೆ: 1980ರ ಆಸುಪಾಸಿನ ಮಂಡಳಿ ಆದೇಶವೊಂದನ್ನು ಈಗ ಓದುವಾಗ ಏನೇನು ತಾಳೆ ನೋಡಬೇಕು? 1979ರಲ್ಲಿ ಅರ್ಜಿಯನ್ನೇ ಹಾಕದವರ ಕಥೆ ಏನು?

---

ಕರಾವಳಿಗೇಣಿಚೀಟಿ:

ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೇಸಿನ ನಂಬರು ಮತ್ತು ವರ್ಷ ಕೊಟ್ಟು ನಾಲ್ಕಕ್ಕೂ ದೃಢೀಕೃತ ನಕಲು ಕೇಳಿ: ಫಾರಂ 7, ನೋಟಿಸು ಜಾರಿಯಾದ ಪ್ರತಿ, ಆದೇಶ, ಫಾರಂ 10. ಆದೇಶವೊಂದನ್ನೇ ಹಿಡಿದು ಕೂರಬೇಡಿ. ಅರ್ಜಿಯಲ್ಲಿರುವ ಹಿಸ್ಸೆ, ಆದೇಶದ ಹಿಸ್ಸೆ, ಈಗಿನ ಪಹಣಿಯ ಹಿಸ್ಸೆ ಒಂದೇ ಆಗಿರುವುದು ಅಪರೂಪ. ವಿಸ್ತೀರ್ಣ ಓದುವಾಗ ಜೋಪಾನ: ನಮ್ಮ ಜಿಲ್ಲೆಯಲ್ಲಿ 0-40 ಎಂದರೆ 40 ಸೆಂಟ್ಸ್, ಅಂದರೆ 16 ಗುಂಟೆ. ಘಟ್ಟದ ಮೇಲಿನವರು ಅದನ್ನು ಗುಂಟೆ ಎಂದು ಓದಿದರೆ ಒಂದು ಎಕರೆಯಾಗಿಬಿಡುತ್ತದೆ.

ಪಹಣಿಯ 9ನೇ ಕಾಲಂ ಒಡೆಯನದು, 12ನೇದು ಸಾಗುವಳಿದಾರನದು. 1974ಕ್ಕೆ ಹಿಂದಿನ ವರ್ಷಗಳ 12ನೇ ಕಾಲಂ ನೋಡಿ. ಪಹಣಿಯ ನಮೂದನ್ನು, ತಪ್ಪೆಂದು ತೋರಿಸುವ ತನಕ, ಸರಿ ಎಂದೇ ಭಾವಿಸಬೇಕೆಂದು ಭೂ ಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಫಾರಂ 10 ಬಂದೂ ಹಕ್ಕು ಬದಲಾವಣೆ ಆಗದೆ ಹಳೆ ಒಡೆಯನ ಹೆಸರೇ ಉಳಿದಿರುವ ಪಹಣಿಗಳು ಇನ್ನೂ ಇವೆ, ಮಾರಾಟದ ಹೊತ್ತಿಗೆ ಅದು ಹೊರಗೆ ಬರುತ್ತದೆ.

ಮಾರಾಟ ಆಗಿದ್ದರೆ ತಾರೀಕು ನೋಡಿ. 61ನೇ ಕಲಮಿನ ಪ್ರಕಾರ ಮಂಡಳಿಯ ಅಂತಿಮ ಆದೇಶದಿಂದ 15 ವರ್ಷ ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಮನೆಯೊಳಗೆ ಪಾಲು ಮಾಡಿಕೊಳ್ಳಬಹುದು. 1981ರ ಆದೇಶದ ಜಮೀನನ್ನು 1993ರಲ್ಲಿ ಮಾರಿದ್ದರೆ ಆ ಕ್ರಯಪತ್ರಕ್ಕೆ ಬೆಲೆಯಿಲ್ಲ. ಪಾಲಿನದೇ ದೊಡ್ಡ ಜಗಳ: ಅಣ್ಣನೊಬ್ಬನೇ ಡಿಕ್ಲರೇಷನ್ ಕೊಟ್ಟಿರುತ್ತಾನೆ, ಗೇಣಿ ಅಪ್ಪನ ಕಾಲದ್ದು. ಫಾರಂ 10ರಲ್ಲಿ ಒಬ್ಬನ ಹೆಸರಿದೆ ಎಂದ ಮಾತ್ರಕ್ಕೆ ಜಮೀನು ಅವನೊಬ್ಬನದೇ ಆಗುವುದಿಲ್ಲ. ಹಳೆ ಗೇಣಿ ಚೀಟಿ ಯಾರ ಹೆಸರಿನಲ್ಲಿತ್ತು, ಅರ್ಜಿಯಲ್ಲಿ "ಕುಟುಂಬದ ಪರವಾಗಿ" ಎಂದು ಬರೆದಿದೆಯೇ, ಅದರ ಮೇಲೆ ನಿಲ್ಲುತ್ತದೆ. ಅಕ್ಕತಂಗಿಯರ ಹೆಸರಂತೂ ಆ ಕಡತಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಗಡುವು ತಪ್ಪಿಸಿಕೊಂಡವರಿಗೆ 1 ನವೆಂಬರ್ 1998ರಿಂದ 77ಎ ಕಲಂ ಬಂತು, ಫಾರಂ 7ಎ. 1 ಮಾರ್ಚ್ 1974ಕ್ಕೆ ಮೊದಲೇ ಗೇಣಿಯಲ್ಲಿದ್ದು ಆಮೇಲೂ ಸಾಗುವಳಿ ಮಾಡುತ್ತಿದ್ದವರಿಗೆ ಮಾತ್ರ, ಅದಕ್ಕೂ ವಿಸ್ತೀರ್ಣದ ಮಿತಿ ಇತ್ತು, ಅದಕ್ಕೂ ಗಡುವಿತ್ತು. ಆ ಅರ್ಜಿಗಳಲ್ಲಿ ಹೆಚ್ಚಿನವು ಬಿದ್ದದ್ದು ಒಂದೇ ಕಾರಣಕ್ಕೆ: 1974ರ ಪಹಣಿಯಲ್ಲಿ ಹೆಸರಿಲ್ಲ.

---

ಸಾಗರಸೀಮೆ:

ಇನಾಮು ಜಮೀನಾದರೆ, ಅಂದರೆ ಹಿಂದೆ ಅರಸರು, ಸರ್ಕಾರ ಉಂಬಳಿಯಾಗಿ ಕೊಟ್ಟದ್ದಾದರೆ, ಮೇಲಿನದೆಲ್ಲ ಬೇರೆ. ಅದಕ್ಕೆ ಇನಾಮು ರದ್ದತಿ ಕಾಯ್ದೆಗಳಿವೆ, ಅರ್ಜಿಯ ನಮೂನೆಯೂ ಬೇರೆ. ಇನಾಮಿಗೆ ಫಾರಂ 7 ಹಾಕಿ ದಶಕ ಕಳೆದವರಿದ್ದಾರೆ. ಮತ್ತೆ 2020ರಲ್ಲಿ ತೆಗೆದದ್ದು 79ಎ, 79ಬಿ, 79ಸಿ, ಅಂದರೆ ಕೃಷಿಕರಲ್ಲದವರು, ಹೆಚ್ಚು ಆದಾಯದವರು ಕೃಷಿ ಜಮೀನು ಕೊಳ್ಳಬಾರದೆಂಬ ಕಲಮುಗಳನ್ನು. ಅದಕ್ಕೂ ಹಳೆ ಡಿಕ್ಲರೇಷನ್ ಜಮೀನಿಗೂ ಸಂಬಂಧವಿಲ್ಲ. ಫಾರಂ 10 ಇನ್ನು ನಡೆಯುವುದಿಲ್ಲ ಎಂದು ಯಾರಾದರೂ ದಲ್ಲಾಳಿ ಹೆದರಿಸಿದರೆ ನಂಬಬೇಡಿ.