ಖ್ಯಾಲ್ ಕೇಳಲು ಎಲ್ಲಿಂದ ಶುರು ಮಾಡಲಿ? ನೀವೆಲ್ಲ ಈಗ ಏನು ಕೇಳ್ತಿದ್ದೀರಿ?

ಪ್ರಶ್ನೆ ಕೇಳಿದವರು:
ಸಿನಿಮಾ ಹಾಡು, ಭಾವಗೀತೆ ಕೇಳಿಕೊಂಡೇ ಬೆಳೆದವನು ನಾನು. ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು ಬಾಯಿಪಾಠ. ಆದರೆ ಅವರದೇ ಖ್ಯಾಲ್, ಅಂದರೆ ಹಿಂದೂಸ್ತಾನಿ ಶಾಸ್ತ್ರೀಯ ಗಾಯನ, ಹಾಕಿದರೆ ಹತ್ತು ನಿಮಿಷದೊಳಗೆ ಮನಸ್ಸು ಎಲ್ಲೆಲ್ಲಿಗೋ ಹೋಗಿಬಿಡುತ್ತದೆ. ಹಾಡು ಶುರುವಾಗಿದೆಯೋ, ಇನ್ನೂ ಆಗಬೇಕೋ ಅಂತಲೇ ತಿಳಿಯುವುದಿಲ್ಲ. ಸ್ವರಜ್ಞಾನ ಇಲ್ಲ, ಕಲಿಯುವ ಉದ್ದೇಶವೂ ಇಲ್ಲ. ಕೇಳಿ ಸುಖಪಡಬೇಕು, ಅಷ್ಟೇ. ನಿಮ್ಮ ಕಿವಿ ಹೇಗೆ ಹದಕ್ಕೆ ಬಂತು? ಸದ್ಯಕ್ಕೆ ಏನು ಕೇಳ್ತಿದ್ದೀರಿ ಅಂತಲೂ ಹೇಳಿ, ಅದರಿಂದಲೇ ದಾರಿ ಸಿಕ್ಕರೂ ಸಿಗಬಹುದು.

ಹಳೇ ರೆಕಾರ್ಡುಗಳ ಹುಚ್ಚಿರುವವರು:
ಒಂದು ಗಂಟೆಯ ರಾಗವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಮೂರು ನಿಮಿಷದ್ದು ಕೇಳಿ. 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದುದೇ ಮೂರು ಚಿಲ್ಲರೆ ನಿಮಿಷ. ರಾಗದ ಮುಖ ತೋರಿಸುವುದು, ಬಂದಿಶ್ (ರಾಗದಲ್ಲಿ ಕಟ್ಟಿದ ಪುಟ್ಟ ರಚನೆ) ಹಾಡುವುದು, ತಾನ್ (ವೇಗದ ಸ್ವರಗಳ ಸರಣಿ) ಹೊಡೆಯುವುದು, ಎಲ್ಲವನ್ನೂ ಅಷ್ಟರಲ್ಲೇ ಮುಗಿಸಬೇಕಿತ್ತು. ಹಾಗಾಗಿ ಅವುಗಳಲ್ಲಿ ‘ಏನೂ ಆಗುತ್ತಿಲ್ಲ’ ಅನ್ನಿಸುವ ಜಾಗವೇ ಇರುವುದಿಲ್ಲ.

ನಾನೀಗ ಮತ್ತೆ ಮತ್ತೆ ಹಾಕಿಕೊಳ್ಳುತ್ತಿರುವುದು 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಎರಡು ಪ್ಲೇಟು: ಝಿಂಝೋಟಿ ರಾಗದ ‘ಪಿಯಾ ಬಿನ್ ನಹೀಂ ಆವತ ಚೈನ್’, ಭೈರವಿಯ ‘ಜಮುನಾ ಕೆ ತೀರ್’. ನಿಮ್ಮ ಭೀಮಸೇನರ ಗುರು ಸವಾಯಿ ಗಂಧರ್ವರಿಗೆ ಇವರು ಗುರು. ಅಂದರೆ ನಿಮಗೆ ಗೊತ್ತಿರುವ ದನಿಯ ಅಜ್ಜನನ್ನೇ ಕೇಳಿದಂತಾಯಿತು. ಜೊತೆಗೆ ಕೇಸರಬಾಯಿ ಕೇರ್ಕರ್ ಅವರ ಭೈರವಿ, ‘ಜಾತ ಕಹಾಂ ಹೋ’. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ರೆಕಾರ್ಡಿನಲ್ಲಿ ಇರುವುದು ಅದೇ. ಕರಕರ ಸದ್ದು ಮೊದಮೊದಲು ಕಿರಿಕಿರಿ ಮಾಡುತ್ತದೆ. ಕೇಳುತ್ತ ಕೇಳುತ್ತ ಕಿವಿಯೇ ಅದನ್ನು ಸೋಸಿಕೊಳ್ಳುತ್ತದೆ.

ಧಾರವಾಡ ಕಡೆಯವರು:
ದಾಸರ ಪದ ಬಾಯಿಪಾಠ ಐತಿ ಅಂದ್ರಿ. ಹಂಗಾದ್ರ ಅರ್ಧ ದಾರಿ ಬಂದೀರಿ ಬಿಡ್ರಿ. ಮುಂದಿನ ಹೆಜ್ಜಿ ವಚನ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕನ ವಚನ ಐತಲ್ಲ, ‘ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ’, ಅದನ್ನ ಕೇಳ್ರಿ. ಮಾತು ನಿಮಗ ತಿಳೀತೈತಿ. ತಿಳಿಯೋ ಮಾತಿನ ಮ್ಯಾಲೆ ಅವರು ಏನು ಮಾಡಾಕ ಹತ್ಯಾರ ಅನ್ನೂದು ಆಗ ಕಿವಿಗೆ ಬೀಳ್ತೈತಿ. ಖ್ಯಾಲಿನಾಗ ಮಾಡೂದೂ ಅದನ್ನ. ಅಲ್ಲಿ ಮಾತು ಹಿಂದಿ, ಅಷ್ಟ ಫರಕು.

ಇನ್ನೊಂದ್ ಮಾತು. ನಿಮ್ಮಂಗ ಹತ್ತು ನಿಮಿಷಕ್ಕ ಬ್ಯಾಸರ ಆಗೋರಿಗೆ ಭೀಮಸೇನರ ಕಿರಾಣಾ ಘರಾಣಾಕ್ಕಿಂತ (ಘರಾಣಾ ಅಂದ್ರ ಹಾಡೋರ ಗುರು-ಶಿಷ್ಯ ಪರಂಪರಿ) ಜೈಪುರ-ಅತ್ರೌಲಿ ಘರಾಣಾ ಹಗರ ಆಕ್ಕೈತಿ ಅಂತ ನನ್ನ ಅನಿಸಿಕಿ. ಕಿರಾಣಾದವರು ಒಂದೊಂದು ಸ್ವರದ ಮ್ಯಾಲೆ ನಿಂತು, ಸಾವಕಾಶ ರಾಗ ಬೆಳಸ್ತಾರ. ಜೈಪುರದವರು ಅಷ್ಟೊತ್ತು ಕಾಯಂಗಿಲ್ಲ. ಲಯ ಸ್ವಲ್ಪ ಚುರುಕ, ಬಂದಿಶ್ ಮುಂದಿಟ್ಟು ಸೀದಾ ಕೆಲಸಕ್ಕ ಇಳೀತಾರ. ಮನ್ಸೂರರು ಮೊದಲ ಮಿರಜದ ನೀಲಕಂಠಬುವಾ ಕಡೆ ಗ್ವಾಲಿಯರ್ ಕಲ್ತು, ಆಮ್ಯಾಲೆ ಜೈಪುರ ಘರಾಣಾ ಕಟ್ಟಿದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಕಡೆ ಜೈಪುರ ಕಲ್ತವರು. ಉಸುರು ಎಲ್ಲಿ ತಗೊಂಡ್ರು ಅನ್ನೂದು ಗೊತ್ತ ಆಗಂಗಿಲ್ಲ. ನಾ ಈಗ ಕೇಳಾಕ ಹತ್ತಿದ್ದು ಅವರ ಯಮನಿ ಬಿಲಾವಲ್ ರಾಗ. ಶಿವಮತ ಭೈರವ ನಿಮಗ ಈಗ ಬ್ಯಾಡ, ಮುಂದಿನ ವರ್ಷಕ್ಕ ಇಟ್ಕೋರಿ.

ತಬಲಾ ಕಲಿಯುತ್ತಿರುವವರು:
‘ಶುರುವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ’ ಅಂದಿರಲ್ಲ, ಅದಕ್ಕೂ ಸ್ವರಜ್ಞಾನಕ್ಕೂ ಸಂಬಂಧವಿಲ್ಲ. ತಾಳದ ಸುತ್ತು ಕಿವಿಗೆ ಸಿಗುತ್ತಿಲ್ಲ, ಅಷ್ಟೇ. ಸಿನಿಮಾ ಹಾಡಿನಲ್ಲಿ ಒಂದು ಸುತ್ತು ಕೆಲವೇ ಸೆಕೆಂಡಿಗೆ ಮುಗಿಯುತ್ತದೆ. ವಿಲಂಬಿತ, ಅಂದರೆ ನಿಧಾನ ಲಯದ, ಏಕತಾಳದಲ್ಲಿ 12 ಮಾತ್ರೆ, ಅಂದರೆ ತಾಳದ ಎಣಿಕೆ. ಒಂದೊಂದಕ್ಕೂ ನಾಲ್ಕು ಸೆಕೆಂಡು ಹಿಡಿದರೆ ಒಂದು ಆವರ್ತನಕ್ಕೇ ಮುಕ್ಕಾಲು ನಿಮಿಷ ದಾಟಿತು. ಅಷ್ಟು ದೊಡ್ಡ ಚಕ್ರದ ಬಾಗು ಹೊಸ ಕಿವಿಗೆ ನೇರ ಗೆರೆಯ ಹಾಗೆ ಕಾಣುತ್ತದೆ.

ಎಣಿಸಲು ಹೋಗಬೇಡಿ, ಸುಸ್ತಾಗುತ್ತೀರಿ. ‘ತಿರಕಿಟ’ ಅನ್ನುವ ಬೋಲ್ (ತಬಲಾದ ಪೆಟ್ಟಿಗಿರುವ ಹೆಸರು) ಒಂದನ್ನೇ ಹಿಡಿಯಿರಿ. ಏಕತಾಳದ ಠೇಕಾ, ಅಂದರೆ ಬೋಲ್‌ಗಳ ಸಾಲು, ಹೀಗಿದೆ: ಧಿಂ ಧಿಂ ಧಾಗೆ ತಿರಕಿಟ ತೂ ನಾ, ಕತ್ ತಾ ಧಾಗೆ ತಿರಕಿಟ ಧಿಂ ನಾ. ಒಂದು ಆವರ್ತನದಲ್ಲಿ ತಿರಕಿಟ ಎರಡು ಸಲ ಬರುತ್ತದೆ, ನಾಲ್ಕನೆಯ ಮಾತ್ರೆಗೊಮ್ಮೆ, ಹತ್ತನೆಯದಕ್ಕೊಮ್ಮೆ. ಎರಡನೆಯ ತಿರಕಿಟ ಕೇಳಿಸಿದ ಮೇಲೆ ಉಳಿಯುವುದು ಎರಡೇ ಮಾತ್ರೆ, ಆಮೇಲೆ ಸಮ್, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆ. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಗುರುತಿಸುವುದು ಹೇಗೆ ಅಂದರೆ, ಮೊದಲನೆಯದರ ನಂತರ ‘ತೂ ನಾ’ ಬರುತ್ತದೆ. ಅಲ್ಲಿ ಡಗ್ಗಾದ (ಎಡಗೈಯಲ್ಲಿ ನುಡಿಸುವ ದೊಡ್ಡದರ) ಗುಂಗಿಲ್ಲ, ಬಲಗೈಯ ಸದ್ದಷ್ಟೇ. ಎರಡನೆಯದರ ನಂತರದ ‘ಧಿಂ’ನಲ್ಲಿ ಡಗ್ಗಾ ತುಂಬಿಕೊಂಡು ಬರುತ್ತದೆ. ಗಾಯಕರು ಮುಖಡಾ, ಅಂದರೆ ಬಂದಿಶ್‌ನ ಮೊದಲ ತುಣುಕು, ಎತ್ತಿಕೊಂಡು ಸಮ್‌ಗೆ ಬಂದು ಕೂರುವುದೂ ಸಾಮಾನ್ಯವಾಗಿ ಆ ಹೊತ್ತಿನಲ್ಲೇ. ಕಛೇರಿಯಲ್ಲೇ ಧ್ವನಿಮುದ್ರಿಸಿದ್ದಾದರೆ ಇನ್ನೂ ಒಳ್ಳೆಯದು. ಸಮ್ ಬಿದ್ದಾಗ ಸಭೆಯಲ್ಲಿ ಯಾರಾದರೂ ‘ವಾಹ್’ ಅಂದೇ ಅನ್ನುತ್ತಾರೆ, ನಿಮ್ಮ ಲೆಕ್ಕ ಸರಿಯೋ ಎಂದು ತಾಳೆ ನೋಡಬಹುದು.

ಇದೊಂದು ಕಿವಿಗೆ ಹತ್ತಿದರೆ ನಡುವಿನ ಆಲಾಪ ‘ಸುಮ್ಮನೆ ಎಳೆಯುವುದು’ ಅನ್ನಿಸುವುದಿಲ್ಲ. ಗಾಯಕರಿಗೆ ಎಷ್ಟು ಜಾಗ ಉಳಿದಿದೆ, ಹೇಗೆ ಹಿಂದಿರುಗುತ್ತಾರೆ ಎಂಬ ಕುತೂಹಲ ಹುಟ್ಟುತ್ತದೆ.

ನಾನು ಸದ್ಯ ಅಮೀರ್ ಖಾನರ ಮಾರ್ವಾದಲ್ಲಿ ಮುಳುಗಿದ್ದೇನೆ. ಆದರೆ ಅವರ ಇಷ್ಟದ ತಾಳ ಝೂಮರಾ, 14 ಮಾತ್ರೆ, ಲಯವೂ ಬಹಳ ನಿಧಾನ. ನಿಮಗೆ ಈಗಲೇ ಅದನ್ನು ಹೇಳಲಾರೆ.

ವಾದ್ಯಪ್ರಿಯರು:
ಮಾತೇ ಇಲ್ಲದ್ದು ಕೇಳಿ, ಗೊಂದಲವೇ ಇಲ್ಲ. 1967ರ ‘ಕಾಲ್ ಆಫ್ ದಿ ವ್ಯಾಲಿ’: ಶಿವಕುಮಾರ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ, ಹೊತ್ತಿಗೊಂದು ರಾಗ. ನಾನೀಗ ಕೇಳ್ತಿರೋದು ರಾಜೀವ ತಾರಾನಾಥರ ಸರೋದ್.

ಹಳೇ ರೆಕಾರ್ಡುಗಳ ಹುಚ್ಚಿರುವವರು:
ಒಳ್ಳೆಯ ಆಲ್ಬಮ್ಮೇ. ಆದರೆ ಅಲ್ಲೇ ಸುಖವಾಗಿ ನೆಲೆಸಿಬಿಟ್ಟು ಗಾಯನದ ಕಡೆ ತಲೆ ಹಾಕದವರನ್ನು ಬಹಳ ಜನ ಕಂಡಿದ್ದೇನೆ. ಕೇಳಿದವರ ಪ್ರಶ್ನೆ ಖ್ಯಾಲ್ ಬಗ್ಗೆ.

ಪ್ರಶ್ನೆ ಕೇಳಿದವರು:
ತಿರಕಿಟ ಸಿಕ್ಕಿತು! ಒಮ್ಮೊಮ್ಮೆ ತಪ್ಪಿಹೋಗುತ್ತದೆ, ಆದರೆ ‘ಈಗ ಬಂದೇ ಬರುತ್ತೆ’ ಅಂತ ಕಾಯುವುದರಲ್ಲೇ ಒಂದು ಮಜಾ ಇದೆ. ಇನ್ನೊಂದು ಸಂಶಯ: ಸಾಹಿತ್ಯ ಏನೇನೂ ಅರ್ಥವಾಗುತ್ತಿಲ್ಲ. ಹಿಂದಿ ಬಲ್ಲ ಗೆಳೆಯನಿಗೂ ಆಗಲಿಲ್ಲ.

ಗಾಯನ ಕಲಿತವರೊಬ್ಬರು:
ಗೆಳೆಯರನ್ನು ದೂರಬೇಡಿ. ಬಂದಿಶ್‌ಗಳು ಹೆಚ್ಚಾಗಿ ಬ್ರಜಭಾಷೆಯಲ್ಲಿ, ಅಂದರೆ ಮಥುರಾ ಕಡೆಯ ಹಳೆಯ ಹಿಂದಿಯಲ್ಲಿ, ಇರುತ್ತವೆ. ಶುರುವಿನ ನಿಧಾನದ ಬಡಾ ಖ್ಯಾಲಿನಲ್ಲಿ ಒಂದು ಅಕ್ಷರವನ್ನು ಅರ್ಧ ನಿಮಿಷ ಎಳೆದರೆ ಅದು ಯಾವ ಪದದ್ದು ಎಂದು ಯಾರಿಗೆ ನೆನಪಿರುತ್ತದೆ? ಸಾಹಿತ್ಯವೆಂದು ಇರುವುದೂ ಸ್ಥಾಯಿ, ಅಂತರಾ ಎಂಬ ಎರಡು ಪುಟ್ಟ ಭಾಗ ಮಾತ್ರ. ಕೇಳುವ ಮೊದಲು ಒಮ್ಮೆ ಓದಿಕೊಂಡರೆ ಸಾಕು.

ನನ್ನ ಸಲಹೆ ಕೇಳಿ ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಬಹುದು: ಕೊನೆಯಿಂದ ಕೇಳಿ. ಒಂದು ರಾಗದ ಧ್ವನಿಮುದ್ರಣದಲ್ಲಿ ಕೊನೆಯ ಹತ್ತು ನಿಮಿಷ ಸಾಮಾನ್ಯವಾಗಿ ಛೋಟಾ ಖ್ಯಾಲ್, ದ್ರುತ್ (ಚುರುಕು) ಲಯ, ಹೆಚ್ಚಾಗಿ 16 ಮಾತ್ರೆಯ ತೀನ್‌ತಾಳ. ಅಲ್ಲಿ ಪದ ತಿಳಿಯುತ್ತದೆ, ತಾಳ ಸಿಗುತ್ತದೆ, ಗುನುಗಲೂ ಬರುತ್ತದೆ. ಅದು ಬಾಯಿಗೆ ಬಂದ ಮೇಲೆ ಶುರುವಿಗೆ ಹೋಗಿ. ರಾಗ ಅದೇ ಅಲ್ಲವೇ? ಪರಿಚಯದ ಸ್ವರಗಳೇ ಈಗ ನಿಧಾನವಾಗಿ ಬರುತ್ತವೆ. ಕಿಶೋರಿ ಅಮೋಣಕರ್ ಅವರ ಭೂಪ್ ಹೀಗೆ ಕೇಳಲು ಹೇಳಿ ಮಾಡಿಸಿದಂತಿದೆ. ಮೊದಲು ‘ಸಹೇಲಾ ರೇ’, ಆಮೇಲೆ ಅದರ ವಿಲಂಬಿತ, ‘ಪ್ರಥಮ ಸುರ ಸಾಧೆ’.

ಈಗ ನಾನು ಕೇಳುತ್ತಿರುವುದು ಗಂಗೂಬಾಯಿ ಹಾನಗಲ್. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ತೀರಾ ಮೊದಲ ಪ್ಲೇಟುಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದೇ ದನಿ ಗಂಡುದನಿಯಷ್ಟು ಕೆಳಗಿಳಿಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುತ್ತಿದ್ದೇನೆ. ಅವರೂ ಭೀಮಸೇನರೂ ಸವಾಯಿ ಗಂಧರ್ವರ ಶಿಷ್ಯರೇ. ಒಂದೇ ರಾಗ ಇಬ್ಬರದೂ ಸಿಕ್ಕಿದರೆ ಒಂದೇ ವಾರದಲ್ಲಿ ಕೇಳಿ. ಘರಾಣಾ ಅಂದರೇನು, ಹಾಡುವವರ ಸ್ವಂತದ್ದೇನು ಎಂಬ ವ್ಯತ್ಯಾಸ ಪುಸ್ತಕ ಓದದೆಯೇ ತಿಳಿಯುತ್ತದೆ.

ಕರ್ನಾಟಕ ಸಂಗೀತ ಕೇಳುವವರು:
ನಿಮಗೆ ದಕ್ಷಿಣಾದಿಯ ಪರಿಚಯ ಸ್ವಲ್ಪವಾದರೂ ಇದ್ದರೆ ಇದು ಉಪಯೋಗಕ್ಕೆ ಬರುತ್ತೆ: ಮೋಹನ ರಾಗ ಗೊತ್ತಿದ್ದರೆ ಭೂಪ್ ಸುಲಭ, ಕಲ್ಯಾಣಿ ಗೊತ್ತಿದ್ದರೆ ಯಮನ್, ಹಿಂದೋಳ ಗೊತ್ತಿದ್ದರೆ ಮಾಲ್‌ಕೌಂಸ್. ತೋಡಿ ವಿಷಯದಲ್ಲಿ ಮಾತ್ರ ಎಚ್ಚರ. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ನಮ್ಮ ತೋಡಿಯ ಸ್ವರಗಳು ಅವರಲ್ಲಿ ಭೈರವಿಯವು. ಸ್ವರ ಒಂದೇ ಆದರೂ ನಡೆ ಬೇರೆ ಅನ್ನೋದನ್ನ ಮರೀಬೇಡಿ. ನಮ್ಮಲ್ಲಿ ಗಮಕ ಸ್ವರವನ್ನು ತೂಗುತ್ತೆ, ಅವರು ಸ್ವರವನ್ನ ನಿಲ್ಲಿಸ್ತಾರೆ. ನನಗಂತೂ ಅವರು ನಿಲ್ಲಿಸೋದನ್ನ ಒಪ್ಪಿಕೊಳ್ಳೋಕೆ ಬಹಳ ಕಾಲ ಹಿಡೀತು.

ಹಿರಿಯ ಕೇಳುಗರು:
ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಭೈರವ್, ತೋಡಿ ಬೆಳಿಗ್ಗೆ, ಸಾರಂಗ್ ಮಧ್ಯಾಹ್ನ, ಮಾರ್ವಾ, ಪೂರಿಯಾ ಧನಾಶ್ರೀ ಹೊತ್ತು ಮುಳುಗುವಾಗ, ಯಮನ್ ಆನಂತರ, ಮಾಲ್‌ಕೌಂಸ್ ತಡರಾತ್ರಿಗೆ. ಹಗಲು ರಾತ್ರಿ ಕೂಡುವ ಹೊತ್ತಿನ ಸಂಧಿಪ್ರಕಾಶ ರಾಗಗಳಲ್ಲಿ ಕೋಮಲ ರಿಷಭ (ತಗ್ಗಿಸಿದ ‘ರಿ’) ಕೊಡುವ ತಳಮಳವನ್ನು ಆ ಹೊತ್ತಿನಲ್ಲೇ ಕೇಳಬೇಕು.

ರಾತ್ರಿಪಾಳಿಯವರು:
ಸರ್, ನನ್ನ ಸಂಜೆ ಆಗೋದೇ ಬೆಳಿಗ್ಗೆ ಏಳಕ್ಕೆ. ಯಮನ್ ಕೇಳಿ ಮಲಗ್ತೀನಿ. ಯಾವ ತೊಂದರೆಯೂ ಆಗಿಲ್ಲ.

ಹಿರಿಯ ಕೇಳುಗರು:
ಆಗಲಿ ಮಾರಾಯರೇ, ಕೇಳದೇ ಇರುವುದಕ್ಕಿಂತ ಅದು ಮೇಲು. ರಜೆಯ ದಿನ ಒಮ್ಮೆ ಸಂಜೆಗೆ ಕೇಳಿ ನೋಡಿ, ಆಮೇಲೆ ಜಗಳ ಮುಂದುವರಿಸೋಣ.

ಸೌಂಡ್ ಕೆಲಸ ಮಾಡುವವರು:
ಸಣ್ಣ ವಿಷಯಗಳು. ಷಫಲ್ ಆಫ್ ಮಾಡಿ, ವಿಲಂಬಿತ ಮುಗಿಯುತ್ತಿದ್ದಂತೆ ಇನ್ನೇನೋ ಶುರುವಾದರೆ ಕೆಲಸ ಕೆಟ್ಟಿತು. ಬಾಸ್ ಬೂಸ್ಟ್ ಹಾಕಿದ್ದರೆ ತೆಗೆಯಿರಿ, ಡಗ್ಗಾ ಉಬ್ಬಿ ತಂಬೂರಿಯನ್ನು ನುಂಗಿಹಾಕುತ್ತದೆ. ಮೊದಲ ಒಂದೆರಡು ನಿಮಿಷ ತಂಬೂರಿಯನ್ನೇ ಕೇಳಿ. ಷಡ್ಜ, ಅಂದರೆ ಆಧಾರಸ್ವರ ‘ಸ’, ಕಿವಿಯಲ್ಲಿ ಕೂತರೆ ಮುಂದಿನ ಪ್ರತಿ ಸ್ವರವೂ ಅದರಿಂದ ಎಷ್ಟು ದೂರ ಹೋಯಿತು ಎಂದು ತಾನಾಗಿ ತಿಳಿಯುತ್ತದೆ.

ತಡವಾಗಿ ಬಂದವರು:
ಎಲ್ಲರೂ ಹೇಳಿದ್ದು ಸರಿಯೇ, ಆದರೆ ಕುಮಾರ ಗಂಧರ್ವರನ್ನು ಹೇಗೆ ಬಿಟ್ಟಿರಿ? ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯ ತಗುಲಿ ಮಾಳವದ ದೇವಾಸಕ್ಕೆ ಹೋಗಿ, ವರ್ಷಗಟ್ಟಲೆ ಹಾಡಲಾಗದೆ ಮಲಗಿ, ಒಂದು ಶ್ವಾಸಕೋಶದ ಬಲ ಕಳೆದುಕೊಂಡು ಮತ್ತೆ ಹಾಡಿದವರು. ಉದ್ದುದ್ದ ಎಳೆತವಿಲ್ಲ, ತುಂಡು ತುಂಡಾಗಿ, ಚುರುಕಾಗಿ ಎಸೆಯುವ ಮಾತಿನಂಥ ಸ್ವರ. ಕಬೀರನ ‘ಉಡ್ ಜಾಯೇಗಾ ಹಂಸ ಅಕೇಲಾ’, ‘ಸುನತಾ ಹೈ ಗುರು ಗ್ಯಾನಿ’ ಇವತ್ತೇ ಕೇಳಿ. ಖ್ಯಾಲ್ ಅಲ್ಲ ಅಂತ ಯಾರಾದರೂ ಆಕ್ಷೇಪ ಎತ್ತಿದರೆ, ಅವರ ಮಧ್ಯಲಯದ ಬಂದಿಶ್‌ಗಳು ಬೇಕಾದಷ್ಟಿವೆ, ಮಾಳವದ ಜನಪದ ಧಾಟಿಯಿಂದ ಅವರೇ ಕಟ್ಟಿದ ರಾಗಗಳೂ ಇವೆ. ಶುದ್ಧ ಶಾಸ್ತ್ರದವರು ಕೆಲವರು ಅವರನ್ನು ಒಪ್ಪಲಿಲ್ಲ, ಇವತ್ತಿಗೂ ಒಪ್ಪದವರಿದ್ದಾರೆ. ನೀವು ಆ ಜಗಳಕ್ಕೆ ಹೋಗುವ ಮೊದಲು ಕೇಳಿಬಿಡಿ.