ರೀಫಿಲ್ ಪಾಡ್ ವೇಪ್: ಸಿಗರೇಟಿಗಿಂತ ವಾಸಿನಾ?

ದಾವಣಗೆರೆ_ಹುಡುಗ:
ದುಬೈಯಿಂದ ಬಂದ ಭಾವ ಒಂದು ಚಿಕ್ಕ ಪಾಡ್ ವೇಪ್, ಅಂದ್ರೆ ನಿಕೋಟಿನ್ ಲಿಕ್ವಿಡ್ ಕಾಯಿಸಿ ಆವಿ ಎಳೆಯುವ ಇ-ಸಿಗರೇಟ್, ಕೊಟ್ಟಿದ್ದಾರೆ. ಲಿಕ್ವಿಡ್ ತುಂಬುವ ಪಾಡ್ 2 ಎಂಎಲ್ ಹಿಡಿಯುತ್ತದೆ, ಖಾಲಿಯಾದರೆ ಮತ್ತೆ ತುಂಬಬಹುದು. ಹತ್ತು ವರ್ಷದ ಸಿಗರೇಟ್ ಚಟ, ಬಿಡಬೇಕು ಅಂತ ನಿಜವಾಗಿಯೂ ಆಸೆ ಇದೆ. ಆದರೆ ಎರಡೇ ದಿನಕ್ಕೆ ಸುಟ್ಟ ರುಚಿ ಬರುತ್ತಿದೆ, ಯಾಕೆ? ಪಿ.ಬಿ. ರಸ್ತೆ ಕಡೆ ಲಿಕ್ವಿಡ್ ಸಿಗುತ್ತಾ?

ಕೋಟೆ_ಊರಿನವ, ಚಿತ್ರದುರ್ಗ:
ಒಳಗೆ ಲಿಕ್ವಿಡ್ ಕಾಯಿಸುವ ಕಾಯಿಲ್ ಜೊತೆ ಹತ್ತಿ ಇರುತ್ತದೆ, ಅದು ಪೂರ್ತಿ ನೆನೆಯುವ ಮುಂಚೆ ಎಳೆದರೆ ಹತ್ತಿಯೇ ಸುಡುತ್ತದೆ. ಹೊಸ ಪಾಡ್ ತುಂಬಿಸಿದ ಮೇಲೆ ಹತ್ತು ನಿಮಿಷ ಬಿಡಬೇಕು. ಒಮ್ಮೆ ಸುಟ್ಟರೆ ಆ ರುಚಿ ಹೋಗಲ್ಲ. ಆದರೆ ಲಿಕ್ವಿಡ್ ಹುಡುಕಲು ಹೋಗಬೇಡಿ ಬ್ರದರ್. 2019ರ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಇ-ಸಿಗರೇಟ್ ಮಾರಾಟ, ಆಮದು, ದಾಸ್ತಾನು ಎಲ್ಲಾ ನಿಷೇಧ. ಮಾರುವವನು ಮೊದಲ ಸಲ ಸಿಕ್ಕಿಬಿದ್ದರೂ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕದ್ದು ಮಾರುವ ಬಾಟಲಿಯಲ್ಲಿ ಏನು ತುಂಬಿರುತ್ತಾರೋ!

ಅಡಿಕೆ_ತೋಟ, ಚನ್ನಗಿರಿ:
ತಂಬಾಕು ಸುಡಲ್ಲ, ಹಾಗಾಗಿ ಸಿಗರೇಟಿನ ಟಾರ್ ಇಲ್ಲ, ನಿಜ. ಆದರೆ ಚಟ ಹಾಗೇ ಉಳಿಯುತ್ತದೆ, ಅಲ್ವಾ? ಲಿಕ್ವಿಡ್ ಬಾಟಲಿ ಮೇಲೆ 20 ಎಂಜಿ ಅಂತ ಬರೆದಿದ್ದರೆ ಅದು ಒಂದು ಎಂಎಲ್‌ಗೆ, ಅಂದ್ರೆ ನಿಮ್ಮ ಪಾಡ್ ತುಂಬಾ 40 ಎಂಜಿ ನಿಕೋಟಿನ್. ಸಿಗರೇಟ್ ಒಂದು ಹಂತಕ್ಕೆ ಮುಗಿಯುತ್ತದೆ, ಇದನ್ನು ಸುಮ್ನೆ ಕೂತಲ್ಲೆಲ್ಲ ಎಳೆಯುತ್ತಲೇ ಇರುತ್ತೇವೆ. ನಾನು ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತಾಡಿದರು. ಡಾಕ್ಟರ್ ಕೇಳಿ ನಿಕೋಟಿನ್ ಗಮ್ ಶುರು ಮಾಡಿದೆ, ಸಿಗರೇಟ್ ಮುಟ್ಟದೆ ನಾಲ್ಕು ತಿಂಗಳಾಯಿತು.

ದಾವಣಗೆರೆ_ಹುಡುಗ:
ನಾಳೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ ಅಣ್ಣಾ.