ಸಂಶೋಧನಾ ಹಡಗು ಹತ್ತುವ ಶಿಕ್ಷಕರು ಬಂದರಿನಲ್ಲೇ ಏನೇನು ಮುಗಿಸಿಕೊಳ್ಳಬೇಕು?

ಬೆಂಚುಪಾಠ
ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸಾಗರ ಸಂಶೋಧನಾ ಹಡಗೊಂದರಲ್ಲಿ ಎರಡು ವಾರದ ಯಾನಕ್ಕೆ ಜಾಗ ಸಿಕ್ಕಿದೆ. ಹೊರಡುವ ಮೂರು ದಿನ ಮೊದಲೇ ಬಂದು ಸೇರಿಕೊಳ್ಳಿ ಎಂದಿದ್ದಾರೆ. ಧಕ್ಕೆಗೆ ಕಟ್ಟಿದ ಹಡಗಿನಲ್ಲಿ ಮೂರು ದಿನ ಮಾಡುವುದೇನು? ಸಿಬ್ಬಂದಿಗೆ ಅಡ್ಡ ಬರದೆ ಏನು ಕಲಿಯಬಹುದು? ಮಕ್ಕಳಿಗೆ ಹಡಗಿನಿಂದ ಒಂದು ನೇರ ತರಗತಿ, ಥರ್ಮಾಕೋಲ್ ಲೋಟಗಳನ್ನು ಆಳಕ್ಕೆ ಇಳಿಸುವ ಪ್ರಯೋಗ, ಎರಡೂ ತಲೆಯಲ್ಲಿವೆ. ವಾಂತಿ ಮಾತ್ರೆ ಯಾವಾಗ ಶುರು ಮಾಡಬೇಕು ಅನ್ನುವುದನ್ನೂ ಹೇಳಿ.

ಲಂಗರು
ಮೂರು ದಿನ ಸಾಲದೆ ಬರುತ್ತದೆ, ನೋಡಿ. ಕಾಲಡಿಯ ನೆಲ ಅಲುಗಾಡದೆ ಇರುವುದು ಆಗ ಮಾತ್ರ.

ಹತ್ತುವಾಗ ಗ್ಯಾಂಗ್‌ವೇ (ಧಕ್ಕೆಯಿಂದ ಹಡಗಿಗೆ ಹತ್ತಿ ಇಳಿಯುವ ಸೇತುವೆ) ಕಾವಲಿನವರ ಪುಸ್ತಕದಲ್ಲಿ ಹೆಸರು ಬರೆಯಿರಿ, ಇಳಿಯುವಾಗಲೂ ಬರೆಯಿರಿ. ಬೆಂಕಿ ಬಿದ್ದರೆ ತಲೆ ಎಣಿಸುವುದು ಅದನ್ನು ನೋಡಿಯೇ. ಉಬ್ಬರವಿಳಿತಕ್ಕೆ ತಕ್ಕಂತೆ ಗ್ಯಾಂಗ್‌ವೇ ಇಳಿಜಾರು ಬದಲಾಗುತ್ತದೆ, ಬೆಳಿಗ್ಗೆ ಸಲೀಸಾಗಿದ್ದದ್ದು ಸಂಜೆಗೆ ಕಡಿದಾಗಿರಬಹುದು. ಹಾಗಾಗಿ ಒಂದು ಕೈ ಯಾವಾಗಲೂ ಖಾಲಿ ಇರಲಿ. ಗಟ್ಟಿ ಸೂಟ್‌ಕೇಸ್ ಬೇಡ, ಕ್ಯಾಬಿನ್ನಿನಲ್ಲಿ ಅದನ್ನಿಡಲು ಜಾಗವಿರುವುದಿಲ್ಲ. ಖಾಲಿಯಾದ ಮೇಲೆ ಮಡಚಿಡಬಹುದಾದ ಚೀಲ ತನ್ನಿ.

ನಿಮ್ಮ ಮಂಚದ ಬಳಿ ಒಂದು ಕಾರ್ಡ್ ಇರುತ್ತದೆ. ಅಪಾಯದ ಗಂಟೆ ಬಾರಿಸಿದಾಗ ಎಲ್ಲಿ ಸೇರಬೇಕು, ಯಾವ ಲೈಫ್‌ಬೋಟ್ ಅನ್ನುವುದು ಅದರಲ್ಲಿದೆ. ಏಳು ಅಥವಾ ಹೆಚ್ಚು ಚಿಕ್ಕ ಸದ್ದು, ಆಮೇಲೆ ಒಂದು ಉದ್ದನೆಯ ಸದ್ದು ಕೇಳಿದರೆ ಸಾಮಾನ್ಯ ತುರ್ತು ಸಂಕೇತ. ಕ್ಯಾಬಿನ್ನಿನಿಂದ ಆ ಜಾಗಕ್ಕೆ ಎರಡು ಬೇರೆ ಬೇರೆ ದಾರಿಯಲ್ಲಿ ನಡೆದು ನೋಡಿ. ಆಮೇಲೆ ಒಂದು ಸಲ ದೀಪ ಆರಿದೆ ಅಂದುಕೊಂಡು, ಕೈಯಲ್ಲಿ ಗೋಡೆ ಸವರಿಕೊಂಡು ಹೋಗಿ. ಬಾಗಿಲುಗಳ ಹೊಸ್ತಿಲು ಎತ್ತರ, ಎಡವುವುದು ಅಲ್ಲೇ.

ತಣ್ಣೀರಿನಿಂದ ಕಾಪಾಡುವ ಇಮ್ಮರ್ಶನ್ ಸೂಟ್ ಇದ್ದರೆ ಬಂದರಿನಲ್ಲೇ ತೊಟ್ಟು ನೋಡಿ. ಯಾರ ಸಹಾಯವೂ ಇಲ್ಲದೆ 2 ನಿಮಿಷದೊಳಗೆ ತೊಡಲಾಗಬೇಕು ಅನ್ನುವುದು ನಿಯಮ. ನೆಲದ ಮೇಲೆ ಹರಡಿ, ಕೂತು ಕಾಲು ತೂರಿಸಿ, ಮೊದಲು ಎಡಗೈ (ನೀವು ಎಡಚರಾದರೆ ಬಲಗೈ), ಆಮೇಲೆ ತಲೆಗವಸು, ಕೊನೆಗೆ ಇನ್ನೊಂದು ಕೈ, ಜಿಪ್. ಕೈಗವಸು ಸೂಟಿಗೇ ಅಂಟಿಕೊಂಡಿರುವುದರಿಂದ ಎರಡೂ ಕೈ ಒಳಗೆ ಹೋದ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಜಾರಿ ಒಳಗೆ ಹೋಗುತ್ತದೆ. ಹೆಚ್ಚಾಗಿ ಕೈಕೊಡುವುದು ಮೇಣ ಕಾಣದ ಜಿಪ್. ಬಿಗಿಯಾಗಿದ್ದರೆ ಆಗಲೇ ಅಧಿಕಾರಿಗೆ ಹೇಳಿ.

ಕ್ರೇನ್ ಸಾಮಾನು ಎತ್ತುವ ಹೊತ್ತಿನಲ್ಲಿ ಡೆಕ್ಕಿಗೆ ಹೋಗಬೇಡಿ, ಹೋಗಲೇಬೇಕಿದ್ದರೆ ಡೆಕ್ ಕೆಲಸಗಾರರ ಮುಖ್ಯಸ್ಥ ಬೋಸನ್‌ರನ್ನು ಕೇಳಿ. ಧಕ್ಕೆಗೆ ಬಿಗಿದ ಹಗ್ಗದ ನೇರದಲ್ಲಿ ನಿಂತು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ತುಂಡಾದರೆ ಚಾಟಿಯಂತೆ ಬೀಸುತ್ತದೆ.

ನೀರಳತೆ
ಸುರಕ್ಷತೆಯ ಬಗ್ಗೆ ಲಂಗರು ಹೇಳಿಯಾಯಿತು, ನಾನು ಪ್ರಯೋಗಾಲಯದ ಕಡೆ ಬರುತ್ತೇನೆ.

ಉಪ್ಪಿನಂಶ, ಉಷ್ಣತೆ, ಆಳ ಅಳೆಯುವ ಸಿಟಿಡಿ ಉಪಕರಣ, ಅದರ ಸುತ್ತ ಆಳದ ನೀರಿನ ಮಾದರಿ ಹಿಡಿಯುವ ನಿಸ್ಕಿನ್ ಬಾಟಲಿಗಳು (ದೊಡ್ಡ ಚೌಕಟ್ಟಿನಲ್ಲಿ ಸಾಮಾನ್ಯವಾಗಿ 24). ಬಂದರಿನಲ್ಲಿ ಅದು ಸುಮ್ಮನೆ ಡೆಕ್ಕಿನ ಮೇಲೆ ಕೂತಿರುತ್ತದೆ. ತಂತ್ರಜ್ಞರ ಒಪ್ಪಿಗೆ ಪಡೆದು ಒಂದು ಬಾಟಲಿಗೆ ಸಿಹಿನೀರು ತುಂಬಿ ಅಭ್ಯಾಸ ಮಾಡಿ. ಮೇಲಿನ ಗಾಳಿ ತಿರುಪು ಮುಚ್ಚಿರುವಾಗಲೇ ಕೆಳಗಿನ ನಲ್ಲಿ ತೆರೆಯಿರಿ. ನೀರು ಬರಬಾರದು. ಸುರಿಯುತ್ತಲೇ ಇದ್ದರೆ ಮೇಲೆಲ್ಲೋ ಗಾಳಿ ಎಳೆಯುತ್ತಿದೆ, ಆ ಬಾಟಲಿಯ ಮಾದರಿಯನ್ನು ನಂಬುವಂತಿಲ್ಲ. ಮಾದರಿ ಹಿಡಿಯುವಾಗ ಆಮ್ಲಜನಕದಂಥ ಅನಿಲಗಳದ್ದು ಮೊದಲು, ಉಪ್ಪಿನದ್ದು ಕೊನೆಗೆ. ಆಮ್ಲಜನಕದ ಸೀಸೆಗೆ ಕೊಳವೆಯನ್ನು ತಳಮುಟ್ಟ ಇಳಿಸಿ, ಗುಳ್ಳೆ ಬಾರದಂತೆ ತುಂಬಿ, ಸೀಸೆಯ ಎರಡು ಮೂರು ಪಟ್ಟು ನೀರು ಉಕ್ಕಿ ಹೋಗಲು ಬಿಡಬೇಕು. ಉಪ್ಪಿನ ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ. ಬಾಯಿಯ ಎಳೆಯಲ್ಲಿ ಉಪ್ಪು ಹರಳುಗಟ್ಟಿ ಒಳಗೆ ಬಿದ್ದರೆ ಅಳತೆ ಏರಿಬಿಡುತ್ತದೆ.

ಲೋಟಗಳು: ಅಳಿಸದ ಮಾರ್ಕರಿನಲ್ಲಿ ಮಕ್ಕಳಿಂದ ಬರೆಸಿ ತನ್ನಿ. ಪ್ರತಿಯೊಂದರೊಳಗೂ ಕಾಗದ ತುರುಕಿ, ಇಲ್ಲದಿದ್ದರೆ ಕುಗ್ಗುವಾಗ ಒಂದರೊಳಗೊಂದು ಸಿಕ್ಕಿಕೊಂಡು ಬಿಡಿಸಲಾಗುವುದಿಲ್ಲ. ಬಲೆ ಚೀಲದಲ್ಲಿ ಹಾಕಿ ಚೌಕಟ್ಟಿಗೆ ಕಟ್ಟಬೇಕು, ಸಂವೇದಕಕ್ಕೆ ನೀರು ಹೋಗುವ ದಾರಿ ಮತ್ತು ಬಾಟಲಿ ಮುಚ್ಚಳದ ದಾರಗಳಿಂದ ದೂರ. ಚೀಲ ಆ ದಾರಕ್ಕೆ ಸಿಕ್ಕಿಕೊಂಡರೆ ಬಾಟಲಿ ಮುಚ್ಚುವುದೇ ಇಲ್ಲ, ಯಾರದೋ ಮಾದರಿ ಹೋಯಿತು. ಒತ್ತಡ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಏರುವುದರಿಂದ 1000 ಮೀಟರಿಗೆ ಹೋಗಿ ಬಂದ ಲೋಟ ಚೆನ್ನಾಗಿ ಕುಗ್ಗಿರುತ್ತದೆ. ಮುಖ್ಯ ವಿಜ್ಞಾನಿಯ ಒಪ್ಪಿಗೆ ಬಂದರಿನಲ್ಲೇ ಕೇಳಿಕೊಳ್ಳಿ.

ನೇರ ತರಗತಿಯನ್ನು ಸಿಟಿಡಿ ನೀರಿಗಿಳಿಸುವ ಗಳಿಗೆಗೆ ಇಟ್ಟುಕೊಳ್ಳಬೇಡಿ, ಆಗ ಯಾರೂ ನಿಮ್ಮತ್ತ ತಿರುಗಿ ನೋಡುವುದಿಲ್ಲ. ಅದನ್ನು ಇಳಿಸುವ ವಿಂಚ್ (ತಂತಿಹಗ್ಗ ಸುತ್ತುವ ಯಂತ್ರ) ನಿಮಿಷಕ್ಕೆ 60 ಮೀಟರ್ ಬಿಟ್ಟರೂ 3000 ಮೀಟರ್ ಇಳಿಯಲು 50 ನಿಮಿಷ ಬೇಕು, ಅರ್ಧ ಗಂಟೆಯ ಪಾಠ ಆ ನಡುವೆ ಕೂರುತ್ತದೆ. ಸಂಶೋಧನೆಯ ದಾಖಲೆಗಳು ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿರುತ್ತವೆ, ಶಾಲೆಯ ಗಡಿಯಾರಕ್ಕೆ ಹೊಂದಿಸಿ ಬರೆದಿಡಿ. ಹಡಗು ಕೆಲವು ದಿಕ್ಕಿಗೆ ಮುಖ ಮಾಡಿದಾಗ ಉಪಗ್ರಹ ಆಂಟೆನಾಗೆ ಹಡಗಿನ ಕೂವೆಯೇ ಅಡ್ಡ ಬರುತ್ತದೆ. ಯಾವ ದಿಕ್ಕು ಎಂದು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ. ಸಂಪರ್ಕ ಕಡಿದರೆ ತೋರಿಸಲು ಮೂರು ನಿಮಿಷದ ವಿಡಿಯೋ ಒಂದನ್ನು ಬಂದರಿನಲ್ಲೇ ಚಿತ್ರಿಸಿ ಶಾಲೆಗೆ ಕಳಿಸಿಬಿಡಿ.

ಕಡಲಕಾಗೆ
ಮಾತ್ರೆ: ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಹಡಗು ಬಿಡುವ ಮುಂಚೆಯೇ ತಗೊಳ್ಳಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿ ಕೆಲಸ ಮಾಡಲು ಸುಮಾರು 4 ಗಂಟೆ ಬೇಕು, 3 ದಿನ ಬಾಳುತ್ತದೆ. ಅಂಟಿಸಿದ ಕೈ ತೊಳೆಯದೆ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ಮಂಜು ಮಂಜಾಗಿ ಕಾಣುತ್ತದೆ. ಗ್ಲಾಕೋಮಾ ಇದ್ದವರಿಗೆ ಅದು ಆಗದು, ಮೊದಲೇ ವೈದ್ಯರನ್ನು ಕೇಳಿ. ಮೆಕ್ಲಿಜಿನ್ ಮಾತ್ರೆ ಆದರೆ ಬಂದರಿನಲ್ಲಿ ಒಂದು ಸಲ ತಗೊಂಡು ಎಷ್ಟು ನಿದ್ದೆ ಬರುತ್ತದೆ ನೋಡಿಕೊಳ್ಳಿ.

ಇನ್ನೊಂದು, ಯಾರೂ ಹೇಳಲಿಲ್ಲ: ಕಟ್ಟುವುದು. ಮೇಜಿನ ಮೇಲೆ ಬಿಡಿಯಾಗಿರುವುದೆಲ್ಲ ಮೊದಲ ರಾತ್ರಿಯೇ ನೆಲಕ್ಕೆ. ರಬ್ಬರ್ ಹಗ್ಗ ಹಿಗ್ಗುತ್ತದೆ, ಹಗುರ ಸಾಮಾನಿಗೆ ಮಾತ್ರ ಅದು. ಪೆಟ್ಟಿಗೆ, ಸೂಕ್ಷ್ಮದರ್ಶಕಗಳಿಗೆ ಹಿಡಿ ಆಡಿಸಿ ಬಿಗಿಯುವ ರಾಚೆಟ್ ಪಟ್ಟಿಯೇ ಆಗಬೇಕು, ಅದೂ ಎರಡು ದಿಕ್ಕಿನಿಂದ. ಲ್ಯಾಪ್‌ಟಾಪ್ ಅಡಿಗೆ ಜಾರದ ರಬ್ಬರ್ ಹಾಸು.

ಬೆಂಚುಪಾಠ
ತುಂಬಾ ಉಪಯೋಗವಾಯಿತು. ಪಾಳಿ ರಾತ್ರಿಯದ್ದು ಬಂದರೆ?

ನೀರಳತೆ
ಎಷ್ಟೋ ಹಡಗುಗಳಲ್ಲಿ ವಿಜ್ಞಾನಿಗಳ ಪಾಳಿ 12 ಗಂಟೆಯದ್ದು, ಮಧ್ಯಾಹ್ನದಿಂದ ಮಧ್ಯರಾತ್ರಿ ಅಥವಾ ಮಧ್ಯರಾತ್ರಿಯಿಂದ ಮಧ್ಯಾಹ್ನ. ಯಾವುದೆಂದು ಮೊದಲ ದಿನವೇ ಕೇಳಿ, ಬಂದರಿನಲ್ಲಿರುವಾಗಲೇ ನಿದ್ದೆಯನ್ನು ದಿನಕ್ಕೆ ಎರಡು ಮೂರು ಗಂಟೆ ಸರಿಸುತ್ತಾ ಬನ್ನಿ. ತರಗತಿಯ ಸಮಯ ಶಾಲೆಗೆ ತಿಳಿಸುವುದು ಅದಾದ ಮೇಲೆ.